ಮೊದಲ ಮಾತು ಬಳೆಯದಲ್ಲ

ಹಿರೇಹೊಂಡ, ಕೆಳಗಿನ ಓಣಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೆಂಟು

ನನಗಿಂತ ಮೊದಲು ಹುಟ್ಟಿದ ತಾಯಂದಿರಿಗೆ, ತಂದೆಯರಿಗೆ, ಶಾಲೆಯಲ್ಲಿ ಪಾಠ ಹೇಳುವ ಎಲ್ಲರಿಗೂ ಫಕೀರವ್ವನ ಶರಣು.

ತಾರೀಖು ನೋಡಿ ಮುದುಕಿಗೆ ಮರುಳು ಹಿಡಿದಿದೆ ಎಂದು ಕಾಗದ ಮಡಚಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಹಿಂದೆ ದನದ ಬಾಲದಂತೆ ನೇತಾಡುತ್ತವೆ. ಲೆಕ್ಕ ಬರೆಯುವವರಿಗೆ ಹಾಗೆ ಸಲೀಸಂತೆ. ಹೆಂಗಸಿನ ಮೈಗೆ ತಿಂಗಳೆಂದರೆ ಒಮ್ಮೆ ಇಪ್ಪತ್ತಾರು, ಒಮ್ಮೆ ಮೂವತ್ತೈದು ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಕ್ಷಮಿಸಿ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಆಮೇಲೆ ಆ ಶಾಲೆಯ ತಗಡು ಕಾದು ಮಕ್ಕಳು ತಲೆ ತಿರುಗಿ ಬಿದ್ದರು, ಶಾಲೆ ಮುಚ್ಚಿದರು. ನನ್ನ ಓದೂ ಅಲ್ಲಿಗೇ ಮುಚ್ಚಿತು. ಬಾಯಿ ಮಾತ್ರ ಮುಚ್ಚಲಿಲ್ಲ.

ಎಪ್ಪತ್ತು ದಾಟಿದವರಿಗೆ ನಮ್ಮಲ್ಲಿ ಒಂದು ಹಿನ್ನಂಚೆ ಸಿಗುತ್ತದೆ. ಹಿಂದಿನ ಕಾಲಕ್ಕೆ ಕಳಿಸುವ ಕಾಗದ, ಜೀವಮಾನಕ್ಕೆ ಒಂದೇ. ತಲುಪುತ್ತದೋ ಇಲ್ಲವೋ ಕಂಡವರಿಲ್ಲ. ಬಹಳ ಮಂದಿ ತಮ್ಮ ಮುತ್ತಜ್ಜನಿಗೆ ಬರೆದು, ಇಂಥ ಕಡೆ ಹೊಲ ಹಿಡಿ, ಇಂಥ ಕಡೆ ಬಿಡು ಎನ್ನುತ್ತಾರೆ. ನನಗೆ ಹೊಲದ ಚಿಂತೆಯಿಲ್ಲ. ನನ್ನ ಮೊಮ್ಮಗಳು ನಿಂಬೆವ್ವನ ಹೆಸರನ್ನು ಇವತ್ತು ಬೆಳಿಗ್ಗೆ ಶಾಲೆಯಿಂದ ಹೊಡೆದುಹಾಕಿದರು. ಅವಳಿಗೆ ಹನ್ನೊಂದು ವರ್ಷ. ತಪ್ಪು ಅವಳದಲ್ಲ, ನನ್ನದು ಎಂದು ಶಾಲೆಯವರ ಮಾತು. ನನ್ನ ಮಾತು ಬೇರೆ. ತಪ್ಪು ಎಲ್ಲಿಂದ ಶುರುವಾಯಿತೋ ಆ ವಿಳಾಸಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ದಿನಮಾನ ಹೇಳುತ್ತೇನೆ. ನಮ್ಮ ಮನೆಗಳು ಅರ್ಧ ನೆಲದ ಮೇಲೆ, ಅರ್ಧ ನೆಲದೊಳಗೆ. ಬಿಸಿಲಿಗೆ ಹೆದರಿ ನಾವು ಹೆಗ್ಗಣದಂತೆ ಬಿಲ ಸೇರಿದವರು. ಶಾಲೆ ನಸುಕಿನ ಐದಕ್ಕೆ ಶುರುವಾಗಿ ಹತ್ತಕ್ಕೆ ಬಿಡುತ್ತದೆ. ಬಿಟ್ಟ ಮಕ್ಕಳು ಬಾಗಿಲ ಮುಂದಿನ ನೆರಳುಬಟ್ಟೆಯ ಕೆಳಗೆ ಕೂತು ಅಂಬಲಿ ಕುಡಿದು ಮನೆಗೆ ಹೋಗುತ್ತಾರೆ. ನೆರಳುಬಟ್ಟೆ ಎಂದರೆ ಓಣಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ದಪ್ಪ ಜಮಖಾನೆ. ಜೋಳದ ರೊಟ್ಟಿ ಇನ್ನೂ ಇದೆ, ಶೇಂಗಾ ಚಟ್ನಿ ಇದೆ, ಅತ್ತೆ ಸೊಸೆಯರ ಜಗಳವೂ ಇದೆ, ಗಾಬರಿಯಾಗಬೇಡಿ. ಇಲ್ಲದ್ದು ಒಂದೇ. ಮಕ್ಕಳಿಗೆ ಅವರ ಮೈಯ ವಿಷಯ ಹೇಳುವ ಮನುಷ್ಯರು.

ಆ ಕೆಲಸವನ್ನು ನಮ್ಮಲ್ಲಿ ಕಾವಲುಬಳೆ ಮಾಡುತ್ತದೆ. ಎಂಟು ತುಂಬಿದ ಕೂಡಲೇ ಹುಡುಗನಾಗಲಿ ಹುಡುಗಿಯಾಗಲಿ ಶಾಲೆಯಲ್ಲಿ ಎಡಗೈಗೆ ಒಂದು ಬಿಳಿ ಬಳೆ ತೊಡಿಸುತ್ತಾರೆ. ಅದು ಬೆವರು ಮೂಸಿ, ನಾಡಿ ಹಿಡಿದು ನೋಡುತ್ತಿರುತ್ತದೆ. ಮಗು ದೊಡ್ಡದಾಗುವ ಹೊತ್ತು ಬಂತು ಎಂದು ಅದಕ್ಕೆ ಅನ್ನಿಸಿದಾಗ ಬಣ್ಣ ಹಸಿರಾಗಿ, ಮಗುವಿನ ಕಿವಿಗೆ ಮಾತ್ರ ಕೇಳುವಂತೆ ನಾಲ್ಕು ಮಾತು ಹೇಳುತ್ತದೆ: "ನಿನ್ನ ದೇಹದಲ್ಲಿ ಸಹಜ ಬದಲಾವಣೆ ಆರಂಭವಾಗಿದೆ. ಗಾಬರಿ ಬೇಡ. ಸ್ವಚ್ಛತೆ ಕಾಪಾಡು. ಹೆಚ್ಚಿನ ಮಾಹಿತಿಗೆ ಪೋಷಕರನ್ನು ಕೇಳು." ಮಗು ಹೋಗಿ ಪೋಷಕರನ್ನು ಕೇಳಿದರೆ ಅವರು "ಬಳೀನ ಕೇಳು" ಎನ್ನುತ್ತಾರೆ. ಹೀಗೆ ನಲವತ್ತು ವರ್ಷದಿಂದ ನಡೆದಿದೆ. ಅದರ ಮೇಲೊಂದು ಕಾನೂನು: ಬಳೆ ಹೇಳುವ ಮೊದಲು ಯಾರೂ ಮಗುವಿನ ಕಿವಿಗೆ ಈ ಸಂಗತಿ ಹಾಕಬಾರದು, ತಪ್ಪು ತಿಳಿವಳಿಕೆ ಹಬ್ಬುತ್ತದೆ. ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಮೊದಲ ಮಾತು ಬಳೆಯದು ಎಂದು.

ಈ ಬಳೆ ಬಂದಾಗ ನನಗೆ ಮೂವತ್ತೆರಡು. ಯಾರಾದರೂ ಎದುರು ನಿಂತರು ಎಂದುಕೊಂಡಿರೇನು? ಊರಿಗೆ ಊರೇ ಹೋಳಿಗೆ ಮಾಡಿ ಉಂಡಿತು. ತಾಯಂದಿರಿಗೆ ಬಾಯಿ ಉಳಿಯಿತು, ತಂದೆಯರಿಗೆ ಮುಖ ಉಳಿಯಿತು, ಮಾಸ್ತರರಿಗೆ ಬೆವರು ಉಳಿಯಿತು. ಯಾಕೆಂದರೆ ಈ ಮಾತು ಆಡುವ ರೂಢಿ ಅದಕ್ಕೂ ಮೊದಲೇ ಸತ್ತಿತ್ತು. ಸಾಯಿಸಿದವರು ನೀವು. ಸಿಟ್ಟು ಬಂದರೆ ಬರಲಿ, ನೂರೈವತ್ತು ವರ್ಷ ದೂರದಿಂದ ನನಗೆ ಹೊಡೆಯಲು ನಿಮ್ಮ ಕೈ ಎಟಕುವುದಿಲ್ಲ.

ನಿಮ್ಮ ಕಾಲದ ಸುದ್ದಿಯನ್ನು ನನ್ನ ಆಯಿ ಹೇಳುತ್ತಿದ್ದಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅವಳು ಅದನ್ನು ತನ್ನ ಆಯಿಯ ಬಾಯಿಂದ ಕೇಳಿದ್ದಳು. ವಿಜ್ಞಾನದ ಪುಸ್ತಕದಲ್ಲಿ ಮೈ ಬೆಳೆಯುವ ಪಾಠ ಅಚ್ಚಾಗಿತ್ತಂತೆ, ಚಿತ್ರದ ಸಮೇತ. ಮಾಸ್ತರು ಅದರ ಹಿಂದಿನ ಪಾಠ ಮುಗಿಸಿ, ಒಂದು ಸಲ ಕೆಮ್ಮಿ, "ಇದು ಪರೀಕ್ಷಾಕ್ಕ ಬರಂಗಿಲ್ಲ, ಮನ್ಯಾಗ ಓದ್ಕೊರಿ" ಎಂದು ಸಸ್ಯಗಳ ಪಾಠಕ್ಕೆ ಹಾರುತ್ತಿದ್ದನಂತೆ. ಮನೆಯಲ್ಲಿ ಓದಿದರೆ ಅಪ್ಪ, ಏನು ಓದುತ್ತಿದ್ದೀ ಎಂದು ಕಣ್ಣು ಬಿಡುತ್ತಿದ್ದ. ವರ್ಷಕ್ಕೊಮ್ಮೆ ದವಾಖಾನೆಯಿಂದ ಒಬ್ಬ ನರ್ಸಬಾಯಿ ಬಂದರೆ, ಹುಡುಗರನ್ನು ಆಟಕ್ಕೆ ಕಳಿಸಿ, ಹುಡುಗಿಯರನ್ನು ಒಂದು ಖೋಲಿಯಲ್ಲಿ ಕೂಡಿಸಿ, ಕಿಟಕಿ ಮುಚ್ಚಿ, ಕಳವಿನ ಮಾಲು ಹಂಚಿದಂತೆ ಒಂದೊಂದು ಪೊಟ್ಟಣ ಹಂಚುತ್ತಿದ್ದರಂತೆ. ಅಂಗಡಿಯವನು ಅದನ್ನೇ ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಕರಿ ಚೀಲಕ್ಕೆ ಹಾಕಿ ಕೊಡುತ್ತಿದ್ದನಂತೆ. ಮಗು ದೊಡ್ಡವಳಾದಳು ಎಂದು ಊರಿಗೆಲ್ಲ ಕರೆ ಕೊಟ್ಟು, ಮಣೆ ಹಾಕಿ, ಆರತಿ ಮಾಡಿ, ಎಳ್ಳುಂಡೆ ಕೊಬ್ಬರಿ ತಿನ್ನಿಸುವಿರಿ. ಏನಾಯಿತು ಎಂದು ಮಣೆಯ ಮೇಲೆ ಕೂತವಳಿಗೇ ಹೇಳುವುದಿಲ್ಲ. ಇಂಥ ಜಾಣರು ಯಾವ ಕಾಲದಲ್ಲೂ ಹುಟ್ಟಿರಲಾರರು.

ನನ್ನ ಆಯಿ ಮಾತ್ರ ಬೇರೆ ಮಣ್ಣಿನವಳು. ಜೋಳದಲ್ಲಿ ಹರಳು ಆರಿಸುತ್ತಾ, ನನ್ನನ್ನೂ ನನ್ನ ಅಣ್ಣನನ್ನೂ ಮೊರದ ಆಚೆ ಈಚೆ ಕೂಡಿಸಿಕೊಂಡು, ಹೆಣ್ಣಿಗೆ ಏನಾಗುತ್ತದೆ, ಗಂಡಿಗೆ ಏನಾಗುತ್ತದೆ, ಯಾವುದಕ್ಕೆ ಹೆದರಬಾರದು, ಯಾರಿಗೆ ಹೆದರಬೇಕು ಎಲ್ಲ ಹೇಳಿದಳು. ಅಣ್ಣ ನಕ್ಕರೆ ತಲೆಗೊಂದು ಮೊಟಕಿ, ಮತ್ತೆ ಹರಳು ಆರಿಸುತ್ತಿದ್ದಳು. ನನಗೆ ಮುಟ್ಟು ಬಂದ ದಿನ ನಾನು ಹೆದರಲಿಲ್ಲ. ಬಂತು ಎಂದು ಹೋಗಿ ಹೇಳಿದೆ, ಅಷ್ಟೇ.

ಅಂಥವಳ ಮೊಮ್ಮಗಳು ನಾನು. ಬಳೆ ಬಂದ ಮೇಲೆ ನಾನೂ ಬಾಯಿ ಕಟ್ಟಿಕೊಂಡೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಬೈಯುವುದು ನ್ಯಾಯವಲ್ಲ. ಮಗನಿಗೆ ಹೇಳಲಿಲ್ಲ. ಮೊಮ್ಮಗಳು ನಿಂಬಿ ಒಂಬತ್ತು ವರ್ಷದವಳಿದ್ದಾಗ ಹಿತ್ತಲಲ್ಲಿ ಒಣಗುವ ಬಟ್ಟೆ ನೋಡಿ "ಆಯಿ, ಇದ್ಯಾರದು, ಯಾಕ" ಎಂದು ಕೇಳಿದಳು. "ನಿನಗ್ಯಾಕ ಬೇಕು, ಹೊತ್ತಿಗೆ ಬಳಿ ಹೇಳ್ತೈತಿ ಹೋಗು" ಎಂದೆ. ಅವಳು ಹೋದಳು. ಮತ್ತೆ ಕೇಳಲಿಲ್ಲ.

ಹೋದ ತಿಂಗಳು ಒಂದು ದಿನ ಲೆಕ್ಕದ ಪಾಠದ ನಡುವೆ ನಿಂಬಿಗೆ ಹೊಟ್ಟೆ ಹಿಂಡಿತು. ಎದ್ದು ನೋಡಿದರೆ ಲಂಗಕ್ಕೆ ಕಲೆ. ಪಾಠ ಹೇಳುತ್ತಿದ್ದ ಅಕ್ಕೋರ ಹತ್ತಿರ ಹೋಗಿ ರಕ್ತ ಬರುತ್ತಿದೆ ಎಂದಳು. ಅಕ್ಕೋರು ಲಂಗ ನೋಡಲಿಲ್ಲ, ಬಳೆ ನೋಡಿದರು. ಬಳೆ ಹಾಲಿನಷ್ಟು ಬೆಳ್ಳಗಿತ್ತು. "ಬಳಿ ಬೆಳ್ಳಗ ಐತೆಲ್ಲವಾ, ಅದು ಅಲ್ಲ. ಎಲ್ಲೋ ಕುಂದ್ರುಮುಂದ ಗೀರಿಸ್ಕೊಂಡಿ" ಎಂದು ಔಷಧದ ಖೋಲಿಗೆ ಕಳಿಸಿದರು. ಅಲ್ಲಿಯವರು ಮೊಣಕಾಲು ನೋಡಿದರು, ಹಿಮ್ಮಡಿ ನೋಡಿದರು. ಗಾಯ ಸಿಗಲಿಲ್ಲ. ಬಲಗಾಲಿನ ಒಂದು ಹಳೆಯ ಕಜ್ಜಿಗೆ ಪಟ್ಟಿ ಹಚ್ಚಿ ಕಳಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ಇವರಿಗೆ ಬಳೆ ಬೇಕಾಯಿತು. ಬಳೆ ಯಾಕೆ ತಪ್ಪಿತು ಎಂದು ಆಮೇಲೆ ತಿಳಿಯಿತು. ಸಾವಿರಾರು ಮಕ್ಕಳ ಸರಾಸರಿ ತೆಗೆದು, ಹನ್ನೆರಡೂವರೆ ವರ್ಷಕ್ಕೆ ಮೊದಲು ಹಸಿರಾಗಬೇಡ ಎಂದು ಅದಕ್ಕೆ ಕಲಿಸಿದ್ದರಂತೆ. ನಿಂಬಿ ಯಾರ ಸರಾಸರಿಯನ್ನೂ ಕೇಳಿ ದೊಡ್ಡವಳಾಗಲಿಲ್ಲ.

ಮೂರು ದಿನ ಆ ಕೂಸು ತಾನು ಸಾಯುತ್ತೇನೆ ಎಂದುಕೊಂಡು ತಿರುಗಿತು. ಬಳೆಯೂ ಹೇಳಲಿಲ್ಲ, ಅಕ್ಕೋರೂ ಅಲ್ಲ ಎಂದರು, ಮತ್ತೆ ರಕ್ತವಂತೂ ನಿಲ್ಲುತ್ತಿಲ್ಲ, ಅಂದಮೇಲೆ ಸಾವೇ ಅಲ್ಲವೇ? ಮೊದಲ ದಿನ ತನ್ನ ಗೋಲಿಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳು. ಎರಡನೆಯ ದಿನ ಕೋಳಿಮರಿಗೆ ಕಾಳು ಹಾಕುವುದನ್ನು ಅದೇ ಹುಡುಗಿಗೆ ಕಲಿಸಿದಳು. ಈಗ ನೆನೆದರೆ ಎಲ್ಲ ಕಾಣುತ್ತದೆ. ಆಗ, ಏನು ಶಾಣ್ಯಾ ಆಗಿದ್ದಾಳೆ ಎಂದು ಹಿಗ್ಗಿದೆ. ಮೂರನೆಯ ದಿನ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು.

"ಆಯಿ, ನಾ ಸತ್ರ ನನ್ನ ನೇರಳಿ ಲಂಗ ಯಾರಿಗಿ ಕೊಡ್ತಿ?"

"ಸಾಯೂ ವಯಸ್ಸು ನಂದು. ನೀ ಯಾಕ ನನ್ನ ಪಾಳಿ ಮುರಿತಿ?" ಎಂದೆ ನಗುತ್ತಾ.

ಅವಳು ನಗಲಿಲ್ಲ. ಏನೆಂದು ಕೇಳಿದೆ. ಹೇಳಿದಳು. ನನ್ನ ಕೈ ಹಿಟ್ಟಿನಲ್ಲಿ ಹಾಗೇ ನಿಂತಿತು. ಹಿಟ್ಟಿನ ಕೈಯಲ್ಲೇ ಅವಳನ್ನು ತೊಡೆಗೆ ಎಳೆದುಕೊಂಡು, ನನ್ನ ಆಯಿ ಹೇಳಿದ್ದನ್ನೆಲ್ಲ ಹೇಳಿದೆ. ಕರುಳು ಎಲ್ಲಿ, ಗರ್ಭಚೀಲ ಎಲ್ಲಿ, ತಿಂಗಳಿಗೊಮ್ಮೆ ಅದು ಯಾಕೆ ಹಾಸಿಗೆ ಹಾಸಿ ಕಿತ್ತುಹಾಕುತ್ತದೆ, ಬಟ್ಟೆ ಹೇಗೆ ಇಟ್ಟುಕೊಳ್ಳಬೇಕು, ನೋವಿಗೆ ಏನು ಮಾಡಬೇಕು. ನಾಲಿಗೆ ತೊದಲಿತು. ನಲವತ್ತು ವರ್ಷ ಆಡದ ಮಾತು, ತುಕ್ಕು ಹಿಡಿದಿತ್ತು. ನಿಂಬಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ನಿನಗೂ ಆಗಿತ್ತೇನು?"

"ಆಗಿತ್ತವಾ."

"ಅವ್ವಗ?"

"ಅಕಿಗೂ ಆಗ್ತೈತಿ."

"ಅಕ್ಕೋರಿಗೆ?"

"ಎಲ್ಲಾರಿಗೂ."

"ಎಲ್ಲಾರಿಗೂ ಗೊತ್ತಿದ್ದು ಒಬ್ರೂ ಯಾಕ ಹೇಳಲಿಲ್ಲ?"

ಊರ ತುಂಬ ನನ್ನ ಬಾಯಿಗೆ ಹೆದರುತ್ತಾರೆ. ನಾನು ಹನ್ನೊಂದು ವರ್ಷದ ಹುಡುಗಿಯ ಕಣ್ಣು ತಪ್ಪಿಸಿ ಮತ್ತೆ ಹಿಟ್ಟಿಗೆ ಕೈ ಹಾಕಿದೆ.

ಮರುದಿನ ಹತ್ತು ಗಂಟೆಗೆ ಶಾಲೆಯ ಮುಂದಿನ ನೆರಳುಬಟ್ಟೆಯ ಕೆಳಗೆ ಹೋಗಿ ಕೂತೆ. ಮಕ್ಕಳು ಅಂಬಲಿ ಹಿಡಿದು ಬಂದರು. ಹುಡುಗ ಹುಡುಗಿ ಎಂದು ಬೇರೆ ಮಾಡದೆ, ಎಲ್ಲರನ್ನೂ ಒಟ್ಟಿಗೆ ಕೂಡಿಸಿ, ಬೆಳ್ಳಗಿದ್ದ ಬಳೆಗಳ ಎದುರಿಗೇ ಹೇಳಿದೆ. ಮೊದಲು ಕಿಸಿಕಿಸಿ ನಕ್ಕರು. ನಗುವುದು ಮುಗಿಯುವವರೆಗೆ ನಾನೂ ನಕ್ಕೆ. ಆಮೇಲೆ ಪ್ರಶ್ನೆಗಳು ಇರುವೆಯ ಹಾಗೆ ಸಾಲು ಹಚ್ಚಿ ಬಂದವು. ದನಿ ಒಡೆದ ಒಬ್ಬ ಹುಡುಗ, ತನ್ನ ಬಳೆ ಮೂರು ತಿಂಗಳಿಂದ ಗಂಟಲು ತೋರಿಸಿಕೋ ಎನ್ನುತ್ತಿದೆ ಎಂದ. ಇನ್ನೊಬ್ಬ ಬಹಳ ಹೊತ್ತು ಅಂಬಲಿಯ ಬಟ್ಟಲಲ್ಲೇ ಮುಖ ಇಟ್ಟುಕೊಂಡಿದ್ದವನು, "ಆಯಿ, ನಿದ್ದಿಯೊಳಗ ಹಾಸಿಗಿ ಒದ್ದಿ ಆದ್ರ ಅದು ಬ್ಯಾನಿ ಏನು?" ಎಂದ. "ಬ್ಯಾನಿ ಅಲ್ಲಪಾ, ಬೆಳೆಯೂದು. ಆದ್ರ ಹಾಸಿಗಿ ನೀನ ಒಗಕೊ, ನಿಮ್ಮವ್ವಗ ಒಗಿಯಾಕ ಹಾಕಬ್ಯಾಡ" ಎಂದೆ. ಅವನ ಹೆಗಲಿನಿಂದ ಹೇರು ಇಳಿದದ್ದು ಕಣ್ಣಿಗೆ ಕಾಣುತ್ತಿತ್ತು. ನಿಮ್ಮ ಮೈ ನಿಮ್ಮದು, ನಿಮಗೆ ಬೇಡವಾದರೆ ಮುಟ್ಟುವ ಹಕ್ಕು ಮಾವನಿಗೂ ಇಲ್ಲ, ಮಾಸ್ತರಿಗೂ ಇಲ್ಲ, ಯಾರಾದರೂ ಮುಟ್ಟಿದರೆ ಒದರಿರಿ, ಒದರಿದ್ದು ನಾಚಿಕೆಯಲ್ಲ ಎಂದೂ ಹೇಳಿದೆ. ಬಳೆ ಆ ಮಾತನ್ನಂತೂ ಎಂದೂ ಹೇಳಿಲ್ಲ. ಎಂಟು ದಿನ ಹೀಗೆ ಹೋದೆ.

ಓಣಿಗೆ ಬೆಂಕಿ ಬಿತ್ತು. ಮುದುಕಿ ಮಕ್ಕಳನ್ನು ಕೆಡಿಸುತ್ತಿದ್ದಾಳೆ ಎಂದರು. ನಿಂಬಿಯ ತಾಯಿ, ನನ್ನ ಸೊಸೆ ಕಸ್ತೂರಿ ನೀರು ತರಲು ಹೋದವಳು ಖಾಲಿ ಕೊಡ ತಂದು ನೆಲಕ್ಕೆ ಕುಕ್ಕಿದಳು. "ಅತ್ತಿ, ಓಣ್ಯಾಗ ತಲಿ ಎತ್ತಿ ಅಡ್ಡಾಡದಂಗ ಮಾಡಿದ್ರಿ."

"ತಲಿ ತಗ್ಗಿಸಿಕೊಂಡು ನಾಲ್ವತ್ತು ವರ್ಷ ಅಡ್ಡಾಡೀರಿ. ನೆಲದಾಗ ಏನರ ಸಿಕ್ತೇನು?" ಎಂದೆ.

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಶಾಲೆಯಿಂದ ಮುಚ್ಚಳಿಕೆ ಬಂತು. ನಾನು ಹೇಳಿದ್ದು ಅಪ್ಪಣೆಯಿಲ್ಲದ ಮಾಹಿತಿ ಎಂದು ಒಪ್ಪಿಕೊಳ್ಳಬೇಕು. ಬಳೆಗಿಂತ ಮೊದಲು ಯಾವ ಮಗುವಿನ ಹತ್ತಿರವೂ ಮೈಯ ಮಾತು ಆಡುವುದಿಲ್ಲ ಎಂದು ಬರೆದುಕೊಡಬೇಕು. ಕೆಳಗೆ ನನ್ನ ಸಹಿ, ಅದರ ಕೆಳಗೆ ನಿಂಬಿಯ ತಾಯಿಯ ಸಹಿ. ಎರಡೂ ಇರದಿದ್ದರೆ ನಿಂಬಿಯ ಹೆಸರು ಶಾಲೆಯಲ್ಲಿ ಇರುವುದಿಲ್ಲ.

ಅದನ್ನು ತಂದವರು ದೊಡ್ಡಕ್ಕೋರು ಪದ್ಮಾಕ್ಷಿ, ಶಾಲೆಯ ಹಿರಿಯರು. ಐವತ್ತರ ಹೆಂಗಸು, ಕೆಟ್ಟವರಲ್ಲ. ಕೂತು ನೀರು ಕುಡಿದರು. "ಆಯಿ, ಸಹಿ ಮಾಡಿಬಿಡ್ರಿ. ಹುಡುಗಿ ಓದಿನ್ಯಾಗ ಭಾಳ ಶಾಣ್ಯಾಕಿ ಅದಾಳ" ಎಂದರು. ನಾನು ಕೇಳಿದೆ, ಬಳೆ ತಪ್ಪಿದ್ದು ನಿಮಗೂ ಗೊತ್ತಾಯಿತು, ಇನ್ನು ಮುಂದೆ ನೀವೇ ಬಾಯಿಬಿಟ್ಟು ಮಕ್ಕಳಿಗೆ ಯಾಕೆ ಹೇಳಬಾರದು ಎಂದು. ಅವರು ಲೋಟ ಕೆಳಗಿಟ್ಟರು.

"ಕಾನೂನು ಒಂದ್ ಕಡೆ ಇರ್ಲಿ ಆಯಿ. ನನಗ ಹೆಂಗ ಹೇಳಬೇಕಂತ ಬರೂದಿಲ್ಲ. ನನಗ ಯಾರೂ ಹೇಳಿಲ್ಲ. ಪ್ರಾರ್ಥನಾದಾಗ ನಿಂತಿದ್ದೆ, ಬಳಿ ಕಿವ್ಯಾಗ ಅಂತು, ಮೂರ್ಛಿ ಹೋಗಿ ಬಿದ್ದೆ. ಅಷ್ಟ ನನಗ ಗೊತ್ತಿದ್ದದ್ದು."

ಸಿಟ್ಟು ಮಾಡಬೇಕು ಎಂದು ಕೂತಿದ್ದ ನನಗೆ ಸಿಟ್ಟು ಬರಲಿಲ್ಲ, ಭಯ ಬಂತು. ಹೇಳುವ ಮನಸ್ಸು ಸತ್ತಿದೆ ಎಂದುಕೊಂಡಿದ್ದೆ. ಸತ್ತಿದ್ದು ಮಾತೇ. ಇಷ್ಟು ಓದಿದ ಹೆಂಗಸಿಗೆ ತನ್ನ ಮೈಯನ್ನು ಕರೆಯಲು ಒಂದು ಶಬ್ದವಿಲ್ಲ. ನಾಲ್ಕು ಇಯತ್ತೆಯ ನನ್ನ ಹತ್ತಿರ ಇದೆ, ಒಬ್ಬ ಮುದುಕಿ ಹರಳು ಆರಿಸುತ್ತಾ ಬಾಯಿಬಿಟ್ಟಿದ್ದಳು ಎಂಬ ಒಂದೇ ಕಾರಣಕ್ಕೆ.

ಆದರೂ ನಿಜ ಹೇಳುತ್ತೇನೆ, ಇವತ್ತು ಬೆಳಗಿನವರೆಗೆ ನಾನು ಸಹಿ ಮಾಡುವವಳೇ ಇದ್ದೆ. ಶಾಲೆ ಮುಚ್ಚಿದರೆ ಹುಡುಗಿ ಏನಾಗುತ್ತಾಳೆ ಎಂದು ನನ್ನನ್ನು ನೋಡಿದರೆ ಸಾಕು. ದವಾಖಾನೆಯ ಇಂಗ್ಲಿಷ್ ಚೀಟಿ ಓದಲು ಇಂದಿಗೂ ಇನ್ನೊಬ್ಬರ ಮುಖ ನೋಡುತ್ತೇನೆ. ನನ್ನ ಹಟ ದೊಡ್ಡದೋ ಅವಳ ಓದು ದೊಡ್ಡದೋ ಎಂದರೆ ಓದೇ ದೊಡ್ಡದು. ಹೀಗೆಂದು ಮನಸ್ಸು ಗಟ್ಟಿ ಮಾಡಿಕೊಂಡು ಇವತ್ತು ಬೆಳಿಗ್ಗೆ ಶಾಲೆಗೆ ಹೋದೆ. ತಂದೆ ತಾಯಿಯರೆಲ್ಲ ಬಂದಿದ್ದರು. ಮುಚ್ಚಳಿಕೆಯನ್ನು ದೊಡ್ಡಕ್ಕೋರು ಮೊದಲು ಕಸ್ತೂರಿಯ ಮುಂದೆ ಇಟ್ಟರು. ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಎದ್ದು ನಿಂತಳು. ನನ್ನ ಸೊಸೆ ನಾಲ್ಕು ಮಂದಿಯ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮೂರು ದಿನ ನನ್ನ ಮಗಳು ಸಾಯ್ತೀನಿ ಅಂತ ತಿಳದು ಮನಿ ತುಂಬ ಅಡ್ಡಾಡ್ಯಾಳ. ನಾ ಅಲ್ಲೇ ರೊಟ್ಟಿ ಬಡೀತಿದ್ದೆ. ನನಗ ಹೇಳಬೇಕಂತ ಅಕಿಗೆ ಅನ್ನಿಸಲಿಲ್ಲ. ಯಾಕ ಅನ್ನಿಸಲಿಲ್ಲ ಅಂತ ಇದರಾಗ ಎಲ್ಲಿ ಬರದೀರಿ, ತೋರಸ್ರಿ. ಅದನ್ನ ಬರೀರಿ, ಸಹಿ ಮಾಡ್ತೀನಿ."

ಅವಳು ಕಾಗದವನ್ನು ಹರಿಯಲಿಲ್ಲ, ಎಸೆಯಲಿಲ್ಲ, ನೀಟಾಗಿ ಮಡಚಿ ಮೇಜಿನ ಮೇಲಿಟ್ಟು ನಿಂಬಿಯ ಪಾಟಿಚೀಲ ತೆಗೆದುಕೊಂಡಳು. ನನ್ನ ಸಹಿ ಕೇಳುವ ಪ್ರಸಂಗವೇ ಬರಲಿಲ್ಲ. ದೊಡ್ಡಕ್ಕೋರು ಹಾಜರಿ ಪುಸ್ತಕದಲ್ಲಿ ಗೀಟು ಹಾಕಿದರು. ಹೊರಗೆ ಬಂದ ಮೇಲೆ ನಿಂಬಿ ಸ್ವಲ್ಪ ಅತ್ತಳು. ಅಳಬೇಡ ಎಂದು ನಾವು ಯಾರೂ ಹೇಳಲಿಲ್ಲ. ಅತ್ತದ್ದು ಸರಿಯೇ ಇತ್ತು.

ಸೋತೆವು ಎಂದುಕೊಳ್ಳಬೇಡಿ. ನಾಳೆಯಿಂದ ಕಸ್ತೂರಿ ಮನೆಮನೆಗೆ ಹೋಗಿ ಮಗಳ ಮೂರು ದಿನದ ಸುದ್ದಿ ಹೇಳುವವಳಿದ್ದಾಳೆ, ಹೆಸರು ತಿರುಗಿ ಬರೆಯುವ ತನಕ. ನಾನು ಹತ್ತಕ್ಕೆ ನೆರಳುಬಟ್ಟೆಯ ಕೆಳಗೆ ಕೂರುತ್ತೇನೆ. ಹಿಡಿದು ಒಯ್ದರೆ ಒಯ್ಯಲಿ, ಅಲ್ಲಿಯೂ ಯಾರದಾದರೂ ಮಕ್ಕಳು ಇದ್ದೇ ಇರುತ್ತಾರೆ.

ಇನ್ನು ನಿಮಗೆ ಹೇಳುವುದು ಇಷ್ಟು. ನಮ್ಮ ಬಳೆಯನ್ನು ಯಾವುದೋ ಕಾರಖಾನೆಯಲ್ಲಿ ಮಾಡಿದರು ಎನ್ನುತ್ತಾರೆ. ನಾನು ನಂಬುವುದಿಲ್ಲ. ನೀವು ಹಾರಿಸಿದ ಪಾಠ, ಮುಚ್ಚಿದ ಕಿಟಕಿ, ಆಟಕ್ಕೆ ಕಳಿಸಿದ ಗಂಡುಮಕ್ಕಳು, ನಿನಗ್ಯಾಕ ಬೇಕು ಹೋಗು ಎಂದ ಮಾತು, ಇವನ್ನೆಲ್ಲ ಕರಗಿಸಿ ಎರಕ ಹೊಯ್ದದ್ದು ಅದು. ನಿಮ್ಮಲ್ಲಿ ಅದು ಇನ್ನೂ ಹುಟ್ಟಿಲ್ಲ. ಹುಟ್ಟದಂತೆ ಮಾಡಲು ನಿಮಗೆ ಓದು ಬೇಡ, ಅಪ್ಪಣೆ ಬೇಡ. ನಿಮ್ಮ ಮನೆಯಲ್ಲಿ ಒಂಬತ್ತು ಹತ್ತರ ಮಗು ಇದ್ದರೆ, ಹೆಣ್ಣಾಗಲಿ ಗಂಡಾಗಲಿ, ಈ ಕಾಗದ ಕೆಳಗಿಟ್ಟು ಅದರ ಪಕ್ಕ ಹೋಗಿ ಕೂತುಕೊಳ್ಳಿ. ಕೈಗೊಂದು ಕೆಲಸ ಇಟ್ಟುಕೊಳ್ಳಿ, ಅವರೆಕಾಯಿ ಸುಲಿಯಿರಿ, ಬಟ್ಟೆ ಮಡಚಿರಿ. ಮುಖ ನೋಡಲು ನಾಚಿಕೆಯಾದರೆ ಕೈ ನೋಡುತ್ತಾ ಹೇಳಿ. ತಪ್ಪಿದರೆ ತಿದ್ದಿ ಹೇಳಿ. ತಿಳಿಯದ್ದನ್ನು ತಿಳಿಯದು ಎನ್ನಿ, ನಾಳೆ ದವಾಖಾನೆಯಲ್ಲಿ ಕೇಳಿಕೊಂಡು ಬಂದು ಹೇಳಿ. ಮಗು ನಗುತ್ತದೆ, ನಗಲಿ. ಎದ್ದು ಓಡುತ್ತದೆ, ಓಡಲಿ, ತಿರುಗಿ ಬಂದು ಒಂದು ಪ್ರಶ್ನೆ ಕೇಳುತ್ತದೆ. ಆ ಪ್ರಶ್ನೆಗೆ ಮಾತ್ರ ಹೋಗು ಎನ್ನಬೇಡಿ.

ಹಿರೇಹೊಂಡದ ಫಕೀರವ್ವ